ಹಲಸಿನ ಮರಕ್ಕೆ ಗುಲಾಬಿ ರೋಗ: ಒಂದು ಮಳೆಗಾಲದಿಂದ ಇನ್ನೊಂದರವರೆಗೆ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗಿರುವ ನಮ್ಮ ತೋಟದಲ್ಲಿ ಹಳೆಯದೊಂದು ಹಲಸಿನ ಮರ ಇದೆ. ಬಕ್ಕೆ ಹಲಸು. ತೊಳೆ ಗಟ್ಟಿ, ಹಪ್ಪಳಕ್ಕೂ ಚಿಪ್ಸಿಗೂ ಅದೇ ಆಗಬೇಕು. ಕಾಂಡಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಸುತ್ತ ರೋಬಸ್ಟಾ ಕಾಫಿ ಗಿಡಗಳಿವೆ. ಈ ಮರ ಹೋದರೆ ಹಣ್ಣಿನ ಜೊತೆ ನೆರಳೂ ಹೋಗುತ್ತದೆ, ಮೆಣಸೂ ಹೋಗುತ್ತದೆ. ಅದಕ್ಕೆ ಶಿಲೀಂಧ್ರ ರೋಗ ತಗುಲಿದಾಗ ಏನೇನು ಮಾಡಿದೆವು, ಯಾವಾಗ ಮಾಡಿದೆವು, ಯಾಕೆ ಹಾಗೆ ಮಾಡಿದೆವು ಅಂತ ಇಲ್ಲಿ ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ಹಲಸು, ಕಿತ್ತಳೆ, ಮಾವು ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬರಬಹುದು.

ಆಗಸ್ಟ್: ಎಲೆ ಒಣಗಿದೆ, ಆದರೆ ಉದುರಿಲ್ಲ

ಆಶ್ಲೇಷ ಮಳೆ ಸ್ವಲ್ಪ ಹೊಳವು ಕೊಟ್ಟಾಗ ಪಶ್ಚಿಮದ ಕಡೆಯ ದೊಡ್ಡ ಕೊಂಬೆ ಕಣ್ಣಿಗೆ ಬಿತ್ತು. ಅದರ ಅರ್ಧ ಭಾಗದ ಎಲೆಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ ಹಾಗೇ ನೇತಾಡುತ್ತಿದ್ದವು. ಒಂದೂ ಉದುರಿರಲಿಲ್ಲ. ಇದು ದೊಡ್ಡ ಸುಳಿವು. ಮರ ತಾನಾಗಿ ಎಲೆ ಉದುರಿಸುವಾಗ ತೊಟ್ಟಿನ ಬುಡದಲ್ಲಿ ಒಂದು ಪದರ ಕಟ್ಟಿ, ಅಲ್ಲಿಂದ ಎಲೆಯನ್ನು ಬಿಡಿಸಿಕೊಳ್ಳುತ್ತದೆ. ಅದಕ್ಕೆ ಜೀವ ಬೇಕು, ಸಮಯ ಬೇಕು. ಕೊಂಬೆಯೇ ದಿಢೀರಂತ ಸತ್ತರೆ ಆ ಪದರ ಕಟ್ಟಲು ಆಗುವುದಿಲ್ಲ. ಎಲೆ ಅಲ್ಲೇ ಒಣಗಿ ಅಂಟಿಕೊಂಡಿರುತ್ತದೆ. ಹೀಗಾಗಿ ಕಾರಣವನ್ನು ಎಲೆಯಲ್ಲಿ ಹುಡುಕಬಾರದು. ಒಣಗಿದ ಭಾಗ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ, ತೊಗಟೆಗೆ ಹೋಗಬೇಕು.

ಮರ ಹತ್ತುವ ಅಣ್ಣ ಏಣಿ ಹಾಕಿ ಹತ್ತಿ ನೋಡಿದರು. ಆ ಕೊಂಬೆ ಕಾಂಡದಿಂದ ಆರೇಳು ಅಡಿ ಮುಂದೆ ಎರಡಾಗಿ ಕವಲೊಡೆಯುತ್ತದೆ. ಕವಲಿನ ಸಂದಿಯಲ್ಲಿ, ಅದರಲ್ಲೂ ಬಿಸಿಲು ಬೀಳದ ಕೆಳಮೈಯಲ್ಲಿ, ತೆಳು ಗುಲಾಬಿ ಬಣ್ಣದ ಪದರ ಅಂಟಿತ್ತು. ಅದರ ಅಂಚಿನಲ್ಲಿ ಜೇಡರ ಬಲೆಯಷ್ಟು ತೆಳ್ಳಗಿನ ಬಿಳಿ ಎಳೆಗಳು ಆರೋಗ್ಯವಾಗಿರುವ ತೊಗಟೆಯ ಕಡೆ ಹರಿದಿದ್ದವು.

ಗುಲಾಬಿ ರೋಗ ಅನ್ನುವುದು ಇದಕ್ಕೇ. ತೋಟದ ಕಡೆ ಪಿಂಕ್ ರೋಗ ಅಂತಲೂ ಹೇಳುತ್ತಾರೆ. ಶಿಲೀಂಧ್ರದ ಹೆಸರು ಎರಿಥ್ರೀಸಿಯಂ ಸಾಲ್ಮೊನಿಕಲರ್. ಹಳೆಯ ಪುಸ್ತಕಗಳಲ್ಲಿ ಕಾರ್ಟೀಸಿಯಂ ಸಾಲ್ಮೊನಿಕಲರ್ ಅಂತ ಇರುತ್ತದೆ. 1870ರ ದಶಕದಲ್ಲಿ ಸಿಲೋನಿನಿಂದ ಹೋದ ಮಾದರಿಗಳನ್ನು ನೋಡಿ ಬರ್ಕ್‌ಲಿ ಮತ್ತು ಬ್ರೂಮ್ ಎಂಬ ಇಬ್ಬರು ಇಂಗ್ಲಿಷ್ ಶಿಲೀಂಧ್ರ ತಜ್ಞರು ಇದಕ್ಕೆ ಹೆಸರು ಕೊಟ್ಟರು. ಜಾಸ್ತಿ ಮಳೆ ಬೀಳುವ ಬಿಸಿ ನಾಡುಗಳೆಲ್ಲ ಇದರ ಜಾಗ. ಹಲಸು, ಮಾವು, ಕಿತ್ತಳೆ, ಕಾಫಿ, ರಬ್ಬರ್, ಕೋಕೋ, ಟೀ ಯಾವುದನ್ನೂ ಬಿಡುವುದಿಲ್ಲ. ಮಳೆಹನಿ ಸಿಡಿದಾಗ, ಗಾಳಿ ಬೀಸಿದಾಗ ಬೀಜಕಣಗಳು ಹರಡುತ್ತವೆ. ನೀರು ಬೇಗ ಆರದ ಜಾಗದಲ್ಲಿ ಮೊಳೆಯುತ್ತವೆ. ಅದಕ್ಕೇ ಯಾವಾಗಲೂ ಕವಲಿನ ಸಂದಿಯಲ್ಲೇ ಮೊದಲು ಕಾಣುವುದು.

ಇದು ಒಂದೇ ರೂಪದಲ್ಲಿ ಇರುವುದಿಲ್ಲ. ಮೊದಲು ಬಿಳಿ ಎಳೆಗಳ ಬಲೆ. ಆಮೇಲೆ ತೊಗಟೆಯ ಬಿರುಕುಗಳಲ್ಲಿ ಸಣ್ಣ ಬಿಳಿ, ಗುಲಾಬಿ ಗುಳ್ಳೆಗಳು. ನಂತರ ಪೂರ್ತಿ ಗುಲಾಬಿ ಪದರ. ಇದು ಒಣಗಿದಾಗ ಚೌಕಚೌಕವಾಗಿ ಬಿರಿದು ಬಿಳಚಿಕೊಳ್ಳುತ್ತದೆ. ಕೊಂಬೆಯ ಬಿಸಿಲು ಬೀಳುವ ಮೈಯಲ್ಲಿ ಕಿತ್ತಳೆ ಕೆಂಪಿನ ಗುಳ್ಳೆಗಳೂ ಏಳುತ್ತವೆ. ಅದೂ ಇದೇ ಶಿಲೀಂಧ್ರದ ಇನ್ನೊಂದು ಬೀಜಕಣದ ಹಂತ. ಈ ನಾಲ್ಕನ್ನೂ ಬೇರೆ ಬೇರೆ ರೋಗ ಅಂದುಕೊಂಡು ಬೇರೆ ಬೇರೆ ಔಷಧಿ ತರುವವರನ್ನು ನೋಡಿದ್ದೇನೆ.

ಇದರ ಉಲ್ಟಾ ಗೊಂದಲವೂ ಇದೆ. ನಮ್ಮ ಕಡೆ ಮರಗಳ ಮೈಮೇಲೆ, ಹಳೆಯ ಕಾಂಪೌಂಡ್ ಗೋಡೆಗಳ ಮೇಲೆ ಕಿತ್ತಳೆ ಬಣ್ಣದ ಮಖಮಲ್ಲಿನಂಥ ಪದರ ಬೆಳೆಯುತ್ತದೆ. ಅದು ಟ್ರೆಂಟೆಪೋಲಿಯಾ ಅನ್ನುವ ಪಾಚಿ. ಹಸಿರು ಪಾಚಿಯ ಗುಂಪಿನದೇ, ಆದರೆ ಕ್ಯಾರೆಟ್ಟಿನಲ್ಲಿರುವಂಥ ಬಣ್ಣದ ಅಂಶ ಜಾಸ್ತಿ ಇರುವುದರಿಂದ ಕಿತ್ತಳೆಯಾಗಿ ಕಾಣುತ್ತದೆ. ಕಾಂಡದ ಮೇಲೆ ಅದಿದ್ದರೆ ಮರಕ್ಕೆ ಏನೂ ಆಗುವುದಿಲ್ಲ. ಬೂದು, ತಿಳಿ ಹಸಿರಿನ ಕಲ್ಲುಹೂವೂ ಹಾಗೆಯೇ. ತೊಗಟೆಯನ್ನು ಕೂರಲು ಜಾಗವಾಗಿ ಬಳಸುತ್ತದೆ ಅಷ್ಟೇ. ಗುರುತು ಹಿಡಿಯುವುದು ಸುಲಭ. ಉಗುರಿನಲ್ಲಿ ಕೆರೆದು ನೋಡಿ. ಪಾಚಿ ಪುಡಿಯಾಗಿ ಬರುತ್ತದೆ, ಕೆಳಗಿನ ತೊಗಟೆ ಹಸಿಯಾಗಿ ಜೀವಂತ ಇರುತ್ತದೆ. ಗುಲಾಬಿ ರೋಗವಾದರೆ ಕೆಳಗೆ ಕಂದು ಬಣ್ಣದ ಸತ್ತ ತೊಗಟೆ.

ಹಲಸಿನ ಮರದಲ್ಲಿ ಇನ್ನೊಂದು ಅನುಕೂಲ ಇದೆ, ಅದರ ಮೇಣ. ಜೀವ ಇರುವ ತೊಗಟೆಗೆ ಚಾಕುವಿನ ತುದಿ ತಾಗಿಸಿದರೆ ಸಾಕು, ತಕ್ಷಣ ಬಿಳಿ ಹಾಲು ಹನಿಗಟ್ಟುತ್ತದೆ. ಸತ್ತ ಜಾಗದಲ್ಲಿ ಏನೂ ಬರುವುದಿಲ್ಲ. ಗುಲಾಬಿ ಪದರದ ನಡುವಿನಿಂದ ಶುರುಮಾಡಿ ಹೊರಗಡೆಗೆ ಚುಚ್ಚುತ್ತಾ ಹೋದೆವು. ಎಲ್ಲಿ ಹಾಲು ಕಾಣಿಸಿತೋ ಅಲ್ಲಿ ಸೀಮೆಸುಣ್ಣದ ಗುರುತು. ಗುರುತುಗಳನ್ನು ಸೇರಿಸಿದಾಗ ರೋಗದ ಗಡಿ ಸ್ಪಷ್ಟವಾಯಿತು. ಕಣ್ಣಿಗೆ ಕಂಡ ಗುಲಾಬಿಗಿಂತ ಸತ್ತ ತೊಗಟೆ ಒಂದು ಗೇಣು ಆಚೆಗೂ ಇತ್ತು. ಕೊಯ್ಯುವ ಜಾಗ ಬಣ್ಣ ನೋಡಿ ನಿರ್ಧಾರ ಮಾಡಬಾರದು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಹುಡುಕಿದಾಗ ಇನ್ನೊಂದು ಜಾಗವೂ ಸಿಕ್ಕಿತು. ಮುಖ್ಯ ಕಾಂಡದಲ್ಲೇ, ಮೆಣಸಿನ ಬಳ್ಳಿಯ ಮರೆಯಲ್ಲಿ ಅಂಗೈಯಷ್ಟು ಅಗಲದ ಗುಲಾಬಿ ಕಲೆ. ಕೊಂಬೆಯಾದರೆ ಕೊಯ್ಯಬಹುದು, ಕಾಂಡವನ್ನು ಕೊಯ್ಯಲು ಆಗುತ್ತದೆಯೇ? ಆದ್ದರಿಂದ ಎರಡು ಜಾಗಕ್ಕೆ ಎರಡು ದಾರಿ ಹಿಡಿದೆವು.

ಮಳೆಯಲ್ಲಿ ಮಾಡಿದ್ದು

"ಅಕ್ಕಾ, ಈ ಕೊಂಬೆ ಮುಗೀತು. ಬುಡಕ್ಕೇ ತೆಗೆದುಬಿಡ್ಲಾ?" ಅಂತ ಮರ ಹತ್ತಿದ್ದ ಅಣ್ಣ ಮೇಲಿಂದ ಕೇಳಿದರು.

"ಈಗ ಬುಡಕ್ಕೆ ಬೇಡ ಅಣ್ಣ. ಗುರುತಿಂದ ಒಂದೂವರೆ ಅಡಿ ಒಳಗೆ ಬಂದು ಕೊಯ್ಯಿ. ಉಳಿದ ಮೋಟು ಹಾಗೇ ಇರಲಿ. ಜನವರಿಯಲ್ಲಿ ನೋಡೋಣ."

ಈ ಮೋಟು ಉಳಿಸಿದ್ದಕ್ಕೆ ಕಾರಣ ಇದೆ. ರೋಗ ಹಿಡಿದ ಭಾಗವನ್ನು ಮರದ ಮೇಲೆ ಬಿಟ್ಟರೆ ಪ್ರತಿ ಮಳೆಗೂ ಬೀಜಕಣ ಸುರಿಯುತ್ತಿರುತ್ತದೆ. ಹಾಗಾಗಿ ಅದನ್ನು ತಕ್ಷಣ ತೆಗೆಯಲೇಬೇಕು. ಆದರೆ ಆಗಸ್ಟಿನಲ್ಲಿ ಕಾಂಡಕ್ಕೆ ಹೊಂದಿಕೊಂಡು ದೊಡ್ಡ ಗಾಯ ಮಾಡಿದರೆ, ಗಾಳಿಯಲ್ಲಿ ತೇಲುತ್ತಿರುವ ಎಲ್ಲ ಶಿಲೀಂಧ್ರಗಳಿಗೂ ಮರದ ನಡುವಿಗೇ ಬಾಗಿಲು ತೆರೆದ ಹಾಗೆ ಆಗುತ್ತದೆ. ನಾಲ್ಕಡಿ ಮೋಟು ಬಿಟ್ಟರೆ, ಕೊಳೆಯುವುದಿದ್ದರೂ ಆ ತುದಿಯಿಂದ ಶುರುವಾಗಬೇಕು. ಅದು ಕಾಂಡಕ್ಕೆ ಬಂದು ಮುಟ್ಟುವ ಮೊದಲೇ ಒಣಹವೆಯಲ್ಲಿ ಮೋಟನ್ನೂ ತೆಗೆದುಬಿಡಬಹುದು.

ಕೊಯ್ಯುವ ಗರಗಸಕ್ಕೆ ಮೊದಲು ಕೊಬ್ಬರಿ ಎಣ್ಣೆ ಸವರಿದೆವು. ಇಲ್ಲವಾದರೆ ಮೇಣ ಹಲ್ಲಿಗೆ ಹಿಡಿದು ಗರಗಸ ಓಡುವುದೇ ಇಲ್ಲ. ಕೊಯ್ದ ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸಿ, ಸಣ್ಣ ರೆಂಬೆಗಳನ್ನೂ ಬಿಡದೆ ಆರಿಸಿ, ತೋಟದಾಚೆ ತೆಗೆದುಕೊಂಡು ಹೋಗಿ ಸುಟ್ಟೆವು. ಹಸಿ ಮರ ಸುಡುವುದು ಮಳೆಗಾಲದಲ್ಲಿ ಕಷ್ಟ. ಮೊದಲು ಕೊಟ್ಟಿಗೆಯ ಸೂರಿನ ಕೆಳಗೆ ಗುಲಾಬಿ ಇರುವ ತುಂಡುಗಳನ್ನು ಮಾತ್ರ ಬೇರೆ ಮಾಡಿ ಇಟ್ಟು, ಒಣ ಸೌದೆಯ ಜೊತೆ ಹಾಕಿದೆವು. ಕಾಫಿ ಗಿಡದ ಬುಡದಲ್ಲಿ ಎಸೆದು ಬಿಡಬಾರದು. ಈ ರೋಗ ಕಾಫಿಗೂ ಬರುತ್ತದೆ ಅಂತ ಆಗಲೇ ಹೇಳಿದೆ. ಮರದ ಕೆಳಗಿನ ರೋಬಸ್ಟಾ ಗಿಡಗಳ ಕವಲುಗಳನ್ನೂ ಒಂದೊಂದಾಗಿ ನೋಡಿದೆವು. ಏನೂ ಸಿಗಲಿಲ್ಲ.

ಕಾಂಡದ ಮೇಲಿನ ಕಲೆಗೆ ಬಂದಾಗ ಮೊದಲು ಮೆಣಸಿನ ಬಳ್ಳಿಯನ್ನು ಅಲ್ಲಿ ಬಿಡಿಸಿ ಪಕ್ಕಕ್ಕೆ ಕಟ್ಟಬೇಕಾಯಿತು. ಬಳ್ಳಿಯ ಎಲೆಯಡಿ ತೊಗಟೆ ಆರುವುದೇ ಇಲ್ಲ. ಆಮೇಲೆ ಹಾಲು ಬರುವ ಗಡಿಯವರೆಗೆ ಸತ್ತ ತೊಗಟೆಯನ್ನು ಹರಿತವಾದ ಉಳಿಯಿಂದ ಮೆತ್ತಗೆ ಎಬ್ಬಿಸಿ ತೆಗೆದೆವು. ಕೆಳಗಿನ ಮರವನ್ನು ಕೆತ್ತಲಿಲ್ಲ. ತೆಗೆದ ಚೂರುಗಳು ಕೆಳಗೆ ಬೀಳದ ಹಾಗೆ ಗೋಣಿಚೀಲ ಹಿಡಿದಿದ್ದೆವು. ತೊಗಟೆ ತೆಗೆದ ಜಾಗದ ಮೇಲೆ ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ಮುಲಾಮು ಬಳಿದೆವು. ಕೆಲವು ಗಂಟೆಯಾದರೂ ಮಳೆ ಬಾರದಿದ್ದರೆ ಅದು ಹಿಡಿದುಕೊಳ್ಳುತ್ತದೆ. ಹೊಳವು ನೋಡಿ ಬೆಳಿಗ್ಗೆಯೇ ಬಳಿಯುವುದು ಒಳ್ಳೆಯದು.

ಬೋರ್ಡೋ ಮಾಡುವುದು

ಅಡಿಕೆ ತೋಟ ಇರುವವರಿಗೆ ಇದು ಗೊತ್ತಿದ್ದದ್ದೇ. ಆದರೂ ಪೂರ್ತಿ ಬರೆಯುತ್ತೇನೆ. ಇದರಲ್ಲಿ ಹದ ತಪ್ಪಿದರೆ ಔಷಧಿಯೇ ಎಲೆ ಸುಡುತ್ತದೆ.

ಬೇಕಾದ್ದು ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ, ನೀರು. ಬಳಿಯುವ ಮುಲಾಮು 10 ಪರ್ಸೆಂಟಿನದು. ಒಂದು ಲೀಟರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಟ್ಟ ಸುಣ್ಣ. ಸಿಂಪಡಿಸುವ ದ್ರಾವಣ 1 ಪರ್ಸೆಂಟಿನದು. 100 ಲೀಟರಿಗೆ ಎರಡೂ ಒಂದೊಂದು ಕೆಜಿ. ಕಾಫಿಯ ಎಲೆ ತುಕ್ಕು ರೋಗಕ್ಕೆ ಹೊಡೆಯುವುದು ಇದರ ಅರ್ಧದ ಹದ, ಅಂದರೆ 0.5 ಪರ್ಸೆಂಟ್. ಕಾಫಿಯ ಕೊಳೆರೋಗಕ್ಕೆ 1 ಪರ್ಸೆಂಟೇ ಬೇಕು.

ಮೈಲುತುತ್ತದ ಹರಳನ್ನು ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಅಳತೆಯ ಅರ್ಧ ನೀರಿನ ಮೇಲ್ಭಾಗದಲ್ಲಿ ಮುಳುಗುವ ಹಾಗೆ ರಾತ್ರಿಯೇ ತೂಗುಹಾಕಿ. ಬೆಳಗಾಗುವಾಗ ತಾನಾಗಿ ಕರಗಿರುತ್ತದೆ. ಪ್ಲಾಸ್ಟಿಕ್ ಬಕೆಟ್ ಅಥವಾ ಡ್ರಮ್ಮೇ ಆಗಬೇಕು. ಕಬ್ಬಿಣದ ಪಾತ್ರೆಯಾದರೆ ತಾಮ್ರ ಅದರ ಮೈಗೆ ಕೂತು, ಕಬ್ಬಿಣ ನೀರಿಗೆ ಇಳಿಯುತ್ತದೆ. ಪಾತ್ರೆಯೂ ಹೋಯಿತು, ಔಷಧಿಯೂ ಹೋಯಿತು. ಸುಣ್ಣವನ್ನು ಇನ್ನೊಂದು ಬಕೆಟ್ಟಿನಲ್ಲಿ ಸ್ವಲ್ಪಸ್ವಲ್ಪವೇ ನೀರು ಹಾಕಿ ಅರಳಿಸಿ. ಕೊತಕೊತ ಕುದಿಯುತ್ತದೆ, ಮುಖ ಹತ್ತಿರ ಒಯ್ಯಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ. ತಣ್ಣಗಾದ ಮೇಲೆ ಉಳಿದರ್ಧ ನೀರು ಸೇರಿಸಿ, ಬಟ್ಟೆಯಲ್ಲಿ ಸೋಸಿ.

ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹುಯ್ಯುತ್ತಾ, ಕೋಲಿನಲ್ಲಿ ತಿರುಗಿಸುತ್ತಾ ಇರಬೇಕು. ಸುಣ್ಣವನ್ನು ತುತ್ತದ ನೀರಿಗೆ ಹುಯ್ಯಬಾರದು. ಹಾಗೆ ಮಾಡಿದರೆ ಕಣಗಳು ದಪ್ಪವಾಗಿ ಬೇಗ ತಳಕ್ಕೆ ಇಳಿಯುತ್ತವೆ, ಎಲೆಗೆ ಸರಿಯಾಗಿ ಅಂಟುವುದಿಲ್ಲ. ಸರಿಯಾಗಿ ಬಂದರೆ ತಿಳಿ ಆಕಾಶದ ಬಣ್ಣದ ನಯವಾದ ದ್ರಾವಣ.

ಪರೀಕ್ಷೆ ಹೀಗೆ. ಚೆನ್ನಾಗಿ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಚಾಕುವಿನ ಮೇಲೆ ಕೆಂಪು ಕಂಡರೆ ಬಿಡಿ ತಾಮ್ರ ಉಳಿದಿದೆ, ಸುಣ್ಣ ಸಾಲದು ಅಂತ ಅರ್ಥ. ಸುಣ್ಣದ ನೀರು ಇನ್ನಷ್ಟು ಸೇರಿಸಿ ಮತ್ತೆ ಅದ್ದಿ. ಎಲೆ ಸುಡುವುದು ಈ ಬಿಡಿ ತಾಮ್ರವೇ. ಸುಣ್ಣದ ಜೊತೆ ಕೂಡಿಕೊಂಡ ತಾಮ್ರ ಎಲೆ, ತೊಗಟೆಯ ಮೇಲೆ ಕೂತು ಸ್ವಲ್ಪಸ್ವಲ್ಪವೇ ಬಿಡುಗಡೆಯಾಗುತ್ತದೆ. ಬೀಜಕಣ ಮೊಳೆಯುವ ಹೊತ್ತಿಗೆ ಅಷ್ಟು ಸಾಕು. ಮಾಡಿದ್ದನ್ನು ಅವತ್ತೇ ಮುಗಿಸಿ, ಮರುದಿನಕ್ಕೆ ಇಡಬೇಡಿ. ಪಂಪು, ಬಕೆಟ್ ತೊಳೆದ ನೀರನ್ನು ಹಳ್ಳಕ್ಕೋ ಕೆರೆಗೋ ಬಿಡಬೇಡಿ. ತಾಮ್ರ ಮೀನುಗಳಿಗೆ ವಿಷ.

ಈ ಮಿಶ್ರಣ ಹುಟ್ಟಿದ ಕಥೆ ನನಗೆ ತುಂಬಾ ಇಷ್ಟ. 1882ರಲ್ಲಿ ಫ್ರಾನ್ಸಿನ ಬೋರ್ಡೋ ಕಡೆ ಮಿಲ್ಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರೊಫೆಸರ್ ದ್ರಾಕ್ಷಿ ತೋಟಗಳ ನಡುವೆ ಹೋಗುತ್ತಿದ್ದರು. ಬೂಜು ರೋಗ ಬಂದು ಎಲ್ಲ ಕಡೆ ಎಲೆ ಉದುರಿತ್ತು. ರಸ್ತೆ ಬದಿಯ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿತ್ತು. ವಿಚಾರಿಸಿದರೆ, ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನಬಾರದು ಅಂತ ರೈತರು ತುತ್ತ, ಸುಣ್ಣ ಎರಚಿದ್ದರಂತೆ. ಅಲ್ಲಿಂದ ಹಿಡಿದು ಪ್ರಯೋಗ ಮಾಡಿ 1885ರಲ್ಲಿ ಅವರು ವಿಧಾನ ಪ್ರಕಟಿಸಿದರು. ನಮ್ಮ ಮಲೆನಾಡಿಗೆ ಇದನ್ನು ಗಟ್ಟಿಯಾಗಿ ತಂದವರು ಲೆಸ್ಲಿ ಕೋಲ್ಮನ್. ಕೆನಡಾದವರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದು, ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಮಳೆಗೆ ಮುಂಚೆ ಬೋರ್ಡೋ ಹೊಡೆಯುವ ರೂಢಿ ಬೆಳೆಸಿದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾದದ್ದೂ ಅವರ ಕಾಲದಲ್ಲೇ. ಇವತ್ತಿಗೂ ಚಿಕ್ಕಮಗಳೂರಿನ ಯಾವ ಊರಿಗೆ ಹೋದರೂ ಗೊಬ್ಬರದ ಅಂಗಡಿಯಲ್ಲಿ ಮೈಲುತುತ್ತ ಸಿಗುತ್ತದೆ.

ಜನವರಿಯವರೆಗೆ ಕಾದದ್ದು ಯಾಕೆ

ಕೊಯ್ಯುವುದಕ್ಕೆ ಹವೆ ನೋಡಬೇಕು ಅನ್ನುವುದು ನನಗೆ ಮನದಟ್ಟಾದದ್ದು ಚೆರ್ರಿ ಮರಗಳ ಬಗ್ಗೆ ಓದುವಾಗ. ಕಾಫಿ ಹಣ್ಣಿನ ಚೆರ್ರಿ ಅಲ್ಲ, ಕಾಶ್ಮೀರ, ಹಿಮಾಚಲದಲ್ಲಿ ಬೆಳೆಯುವ ಚೆರ್ರಿ ಮರ. ಗುಲಾಬಿಯ ಕುಟುಂಬ, ಪ್ರೂನಸ್ ಕುಲ. ಪ್ಲಮ್, ಪೀಚ್, ಏಪ್ರಿಕಾಟ್, ಬಾದಾಮಿ ಎಲ್ಲ ಅದೇ ಕುಲದವು. ನಯವಾದ ತೊಗಟೆಯ ಮೇಲೆ ಅಡ್ಡಡ್ಡ ಗೆರೆಗಳು. ಅವು ತೊಗಟೆ ಉಸಿರಾಡುವ ರಂಧ್ರಗಳು. ಎಲೆಯ ತೊಟ್ಟಿನಲ್ಲಿ ಎಲೆಗೆ ಹತ್ತಿರವಾಗಿ ಎರಡು ಪುಟ್ಟ ಕೆಂಪು ಗ್ರಂಥಿಗಳು. ಅದರಿಂದ ಸಿಹಿರಸ ಬರುತ್ತದೆ, ಇರುವೆಗಳು ಬರುತ್ತವೆ. ಸಿಹಿ ಚೆರ್ರಿ ಹೂ ಬಿಡಬೇಕಾದರೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿ ಸಾವಿರ ಗಂಟೆಯ ಆಸುಪಾಸು ಬೇಕು. ನಮ್ಮ ಮೂಡಿಗೆರೆಯ ಚಳಿ ಅದಕ್ಕೆ ಎಲ್ಲಿ ಸಾಕು.

ತಂಪು ದೇಶಗಳಲ್ಲಿ ಸೇಬು, ಪೇರ್ ಮರಗಳನ್ನು ಚಳಿಗಾಲದಲ್ಲಿ, ಎಲೆ ಇಲ್ಲದಾಗ ಸವರುತ್ತಾರೆ. ಚೆರ್ರಿ, ಪ್ಲಮ್ ಮಾತ್ರ ಬೇಸಿಗೆಯಲ್ಲಿ. ಕಾರಣ ಬೆಳ್ಳಿ ಎಲೆ ರೋಗ. ಕಾಂಡ್ರೋಸ್ಟೀರಿಯಂ ಪರ್ಪ್ಯೂರಿಯಂ ಅನ್ನುವ ಶಿಲೀಂಧ್ರ ಸತ್ತ ಕೊಂಬೆಯ ಮೇಲೆ ನೇರಳೆ ಪದರವಾಗಿ ಬೆಳೆಯುತ್ತದೆ. ಒದ್ದೆ ಹವೆಯಲ್ಲಿ ಬೀಜಕಣ ಬಿಡುತ್ತದೆ. ಅವು ಹಸಿ ಗಾಯದೊಳಗೆ ಇಳಿದು ಮರದ ನಾಳಗಳಲ್ಲಿ ಬೆಳೆಯುತ್ತವೆ. ಎಲೆಯಲ್ಲಿ ಶಿಲೀಂಧ್ರ ಇರುವುದೇ ಇಲ್ಲ. ಅದು ಬಿಟ್ಟ ವಿಷ ಮಾತ್ರ ಎಲೆಗೆ ತಲುಪಿ, ಮೇಲಿನ ಸಿಪ್ಪೆಯನ್ನು ಒಳಗಿನಿಂದ ಬಿಡಿಸುತ್ತದೆ. ನಡುವೆ ಗಾಳಿ ತುಂಬಿ ಎಲೆ ಬೆಳ್ಳಿಯಂತೆ ಹೊಳೆಯುತ್ತದೆ. ಬೇಸಿಗೆಯಲ್ಲಿ ಬೀಜಕಣ ಕಡಿಮೆ, ಮರವೂ ಚುರುಕಾಗಿ ಗಾಯದ ಹಿಂದೆ ಗೋಡೆ ಕಟ್ಟುತ್ತದೆ. ಅದಕ್ಕೇ ಆಗ ಸವರುವುದು.

ಗುಲಾಬಿ ರೋಗದ್ದೂ ಬೆಳ್ಳಿ ಎಲೆಯದೂ ಅಣಬೆಯ ದೊಡ್ಡ ಗುಂಪಿಗೇ ಸೇರಿದ ಶಿಲೀಂಧ್ರ. ಆದರೆ ಕೊಡೆ ಅರಳಿಸುವುದಿಲ್ಲ, ತೊಗಟೆಗೆ ಅಂಟಿಕೊಂಡು ಹರಡುತ್ತವೆ. ಎರಡಕ್ಕೂ ನೀರು ಬೇಕು. ಅಲ್ಲಿನ ಒಣ ಕಾಲ ಜೂನ್, ಜುಲೈ ಆದರೆ ನಮ್ಮದು ಜನವರಿ, ಫೆಬ್ರವರಿ. ತಿಂಗಳು ಬೇರೆ, ಲೆಕ್ಕ ಒಂದೇ ಅಲ್ವಾ?

ಚೆರ್ರಿ ಮರದ ಬಗ್ಗೆ ಇನ್ನೊಂದು ಮಾತು ನಮ್ಮ ಕಿತ್ತಳೆ ಬೆಳೆಗಾರರಿಗೂ ಉಪಯೋಗವಾಗುತ್ತದೆ. ಚೆರ್ರಿಯ ತೊಗಟೆಯಿಂದ ಕೆಲವೊಮ್ಮೆ ಜೇನಿನ ಬಣ್ಣದ ಗೋಂದು ಒಸರುತ್ತದೆ. ಗೋಂದೇ ರೋಗವಲ್ಲ. ಗಾಯವೋ ಶಿಲೀಂಧ್ರವೋ ಬ್ಯಾಕ್ಟೀರಿಯಾವೋ ಒಳಗೆ ಬಂದಾಗ ಮರ ಆಮೇಲೆ ತಯಾರಿಸುವ ಉತ್ತರ ಅದು. ಕಿತ್ತಳೆಯ ಬುಡದಲ್ಲಿ ಗೋಂದು ಬಂದರೂ ಹಾಗೆಯೇ, ಅಲ್ಲಿ ಬಹಳ ಸಲ ಕಾರಣ ಫೈಟಾಫ್ತರಾ ಅನ್ನುವ, ಶಿಲೀಂಧ್ರದಂಥ ರೋಗಾಣು. ಗೋಂದು ಒರೆಸಿದರೆ ಏನೂ ಆಗುವುದಿಲ್ಲ, ಬುಡದ ಮಣ್ಣು ಸರಿಸಿ ನೀರು ನಿಲ್ಲದ ಹಾಗೆ ಮಾಡಬೇಕು. ಹಲಸಿನ ಮೇಣ ಹಾಗಲ್ಲ. ಅದು ಮೊದಲೇ ನಾಳಗಳಲ್ಲಿ ತುಂಬಿಕೊಂಡಿರುತ್ತದೆ, ಕೊಯ್ದ ಕ್ಷಣ ಹೊರಗೆ ಬರುತ್ತದೆ. ಅದಕ್ಕೇ ಹಲಸಿನಲ್ಲಿ ಚಾಕುವಿನ ಪರೀಕ್ಷೆ ನಡೆಯುತ್ತದೆ.

ಜನವರಿ: ಮೋಟು ತೆಗೆದದ್ದು

ಕಾಫಿ ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ಮೋಟಿಗೆ ಕೈ ಹಾಕಿದೆವು. ಮೋಟಿನ ತುದಿಯಲ್ಲಿ ಗುಲಾಬಿ ಇರಲಿಲ್ಲ. ಕೊಯ್ದ ಮುಖದಲ್ಲಿ ಹೊರಗಿನ ಬಿಳಿ ಮರ ಬೂದಿ ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಒಳಗಿನ ಹಳದಿ ತಿರುಳು ಗಟ್ಟಿಯಾಗಿತ್ತು. ಹಲಸಿನ ತಿರುಳಿನಲ್ಲಿ ಕೊಳೆಯನ್ನೂ ಗೆದ್ದಲನ್ನೂ ತಡೆಯುವ ಅಂಶಗಳಿವೆ. ಬಾಗಿಲು, ವೀಣೆಗೆಲ್ಲ ಹಲಸು ಬಾಳಿಕೆ ಬರುವುದು ಅದರಿಂದಲೇ. ಬಿಳಿ ಮರಕ್ಕೆ ಆ ರಕ್ಷಣೆ ಇಲ್ಲ.

ಕೊಯ್ಯುವ ಜಾಗ ಯಾವುದು? ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಒಂದು ಪಟ್ಟಿ ಇರುತ್ತದೆ. ಮೇಲ್ಭಾಗದ ಸಂದಿಯಲ್ಲಿ ತೊಗಟೆ ಮಡಚಿ ಕಪ್ಪಗಿನ ಏಣು ಆಗಿರುತ್ತದೆ. ಆ ಏಣಿನ ಹೊರಗಿನಿಂದ ಶುರುಮಾಡಿ, ಉಬ್ಬು ಕಾಂಡದ ಕಡೆಗೇ ಉಳಿಯುವ ಹಾಗೆ, ಸ್ವಲ್ಪ ಓರೆಯಾಗಿ ಕೊಯ್ಯಬೇಕು. ಕಾಂಡಕ್ಕೆ ಸಮನಾಗಿ ಸವರಿದರೆ ಉಬ್ಬು ಹೋಗುತ್ತದೆ. ಗಾಯ ಮುಚ್ಚಿಕೊಳ್ಳುವ ತೊಗಟೆ ಎದ್ದು ಬರುವುದು ಆ ಉಬ್ಬಿನಿಂದಲೇ.

ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಗರಗಸದಲ್ಲಿ ಉದ್ದಕ್ಕೂ ಸೀಳಿ ಇದನ್ನು ತೋರಿಸಿದರು. ನಮ್ಮ ಮೈಯ ಗಾಯದಲ್ಲಿ ಹಾಳಾದ ಜಾಗಕ್ಕೆ ಹೊಸ ಜೀವಕೋಶ ಬರುತ್ತದೆ. ಮರದಲ್ಲಿ ಹಾಗಾಗುವುದಿಲ್ಲ. ಹಾಳಾದ ಮರ ಹಾಳಾಗಿಯೇ ಒಳಗೆ ಇರುತ್ತದೆ. ಬೆಂಕಿ ಬಿದ್ದ ಕೋಣೆಯ ಬಾಗಿಲು ಭದ್ರ ಮಾಡಿ ಉಳಿದ ಮನೆ ಉಳಿಸಿಕೊಂಡ ಹಾಗೆ, ಮರ ಕೊಳೆಯ ಸುತ್ತ ಗೋಡೆ ಕಟ್ಟುತ್ತದೆ. 1977ರಲ್ಲಿ ಪ್ರಕಟವಾದ ಅವರ ವಿವರಣೆಯಲ್ಲಿ ಇಂಥ ನಾಲ್ಕು ಗೋಡೆಗಳಿವೆ. ಮೇಲೆ ಕೆಳಗೆ ಹರಡದಂತೆ ತಡೆಯುವ ಗೋಡೆ ತುಂಬಾ ದುರ್ಬಲ. ಗಾಯವಾದ ಮೇಲೆ ಬೆಳೆಯುವ ಹೊಸ ಮರವನ್ನು ಹಳೆಯದರಿಂದ ಬೇರೆ ಮಾಡುವ ಗೋಡೆ ಎಲ್ಲಕ್ಕಿಂತ ಬಲ. ನಾವು ಮಾಡುವ ರಿಪೇರಿ ಅಂದರೆ ಆ ಗೋಡೆ ಕಟ್ಟಲು ಮರಕ್ಕೆ ಸರಿಯಾದ ಜಾಗದಲ್ಲಿ, ಸರಿಯಾದ ಕಾಲದಲ್ಲಿ ಗಾಯ ಮಾಡಿಕೊಡುವುದು. ಮುಲಾಮು, ಬಣ್ಣ ಎಲ್ಲ ಆಮೇಲಿನ ಮಾತು. ಈ ಮರದ ಕೆಲಸದಲ್ಲಿ ನಾನು ಎಲ್ಲರಿಗೂ ಹೇಳಬೇಕೆಂದಿರುವುದು ಇದನ್ನೇ.

ಕೊಯ್ತ ಮೂರು ಹಂತದಲ್ಲಿ. ಮೊದಲು ಕಾಂಡದಿಂದ ಒಂದಡಿ ಹೊರಗೆ, ಕೆಳಗಿನಿಂದ ಮೂರನೇ ಒಂದು ಭಾಗ. ಆಮೇಲೆ ಅದಕ್ಕಿಂತ ಎರಡಿಂಚು ಹೊರಗೆ, ಮೇಲಿನಿಂದ ಪೂರ್ತಿ. ಭಾರ ಕಳಚಿ ಬೀಳುತ್ತದೆ, ತೊಗಟೆ ಸೀಳಿಕೊಂಡು ಕಾಂಡದ ಮೇಲೆ ಇಳಿಯುವುದಿಲ್ಲ. ಕೊನೆಗೆ ಉಳಿದ ಒಂದಡಿಯನ್ನು ಕೈಯಲ್ಲಿ ಹಿಡಿದುಕೊಂಡು ಉಬ್ಬಿನ ಹೊರಗೆ ಕೊಯ್ತ. ಮಚ್ಚಿನಲ್ಲಿ ಕಡಿದರೆ ಈ ನಾಜೂಕು ಬರುವುದಿಲ್ಲ, ಗರಗಸವೇ ಬೇಕು. ಮೇಲೆ ಹತ್ತುವವರ ಸೊಂಟಕ್ಕೆ ಹಗ್ಗ ಇರಲೇಬೇಕು, ಅದಕ್ಕೆ ರಾಜಿ ಇಲ್ಲ.

ಮುಗಿಸಿ ಇಳಿದಾಗ ಅಮ್ಮ ಕೇಳಿದರು. "ಟಾರು ಬಳಿಯಲ್ವಾ? ನೀರಿಳಿದು ಕೊಳೆಯುತ್ತೆ ಕಣೇ."

"ಟಾರಿನ ಕೆಳಗೆ ಒದ್ದೆ ನಿಂತರೆ ಇನ್ನೂ ಬೇಗ ಕೊಳೆಯುತ್ತಮ್ಮ. ಅದು ಆರಲಿ."

ಇದೂ ಶೈಗೋ ಅವರು ವರ್ಷಗಟ್ಟಲೆ ಬೇರೆ ಬೇರೆ ಬಣ್ಣ ಬಳಿದು ನೋಡಿ ಹೇಳಿದ್ದು. ಗಾಯಕ್ಕೆ ಬಣ್ಣ ಬಳಿದರೆ ಒಳಗಿನ ಕೊಳೆ ನಿಲ್ಲುವುದಿಲ್ಲ. ಹಾಗಾದರೆ ಬೋರ್ಡೋ ಯಾಕೆ ಅಂತ ಕೇಳಬಹುದು. ಗುಲಾಬಿ ರೋಗದ ಶಿಲೀಂಧ್ರ ಬದುಕುವುದು ತೊಗಟೆಯ ಮೇಲೆ, ತೊಗಟೆಯೊಳಗೆ. ಅಲ್ಲಿ ತಾಮ್ರ ಮುಟ್ಟುತ್ತದೆ. ಅದು ರೋಗಕ್ಕೆ ಔಷಧಿ, ಗಾಯಕ್ಕೆ ಪಟ್ಟಿ ಅಲ್ಲ. ಹಾಗಾಗಿ ಗಾಯದ ಸುತ್ತಲಿನ ತೊಗಟೆಯ ಅಂಚಿಗೆ ಮಾತ್ರ ತೆಳುವಾಗಿ ಬಳಿದೆವು. ಮರದ ಮುಖವನ್ನು ಖಾಲಿ ಬಿಟ್ಟೆವು.

ಇದೇ ಮರದ ಬುಡದ ಹತ್ತಿರ ಎಂದೋ ಮುರಿದ ಕೊಂಬೆಯ ಪೊಟರೆ ಇದೆ. ಅದಕ್ಕೆ ಸಿಮೆಂಟ್ ತುಂಬಿಸಿ ಅಂತ ಬಂದವರೆಲ್ಲ ಹೇಳುತ್ತಾರೆ. ತುಂಬಿಸಿಲ್ಲ, ತುಂಬಿಸುವುದೂ ಇಲ್ಲ. ಗಾಳಿಗೆ ಮರ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ. ನಡುವೆ ಸಂದು ಬಿಟ್ಟು ನೀರು ನಿಲ್ಲುತ್ತದೆ. ಒಳಗೆ ಕೆರೆದು ಚೊಕ್ಕ ಮಾಡಿದರೆ ಮರ ಕಟ್ಟಿಕೊಂಡ ಗೋಡೆಯೇ ಒಡೆಯುತ್ತದೆ. ಮರದ ಕೊಡತಿಯಿಂದ ಸುತ್ತ ಬಡಿದು ನೋಡಿದೆವು. ಪೊಟರೆಯ ಬಾಯಿಯ ಹತ್ತಿರ ಬಿಟ್ಟರೆ ಉಳಿದೆಲ್ಲ ಕಡೆ ಗಟ್ಟಿ ಸದ್ದು. ಬುಡದಲ್ಲಿ ಗ್ಯಾನೊಡರ್ಮಾದಂಥ, ಮೇಲೆ ಮೆರುಗೆಣ್ಣೆ ಹಚ್ಚಿದ ಹಾಗಿರುವ ಗಟ್ಟಿ ಅಣಬೆ ಎದ್ದಿದ್ದರೆ ಮಾತು ಬೇರೆ. ಅದು ಬೇರು, ಬುಡ ಕೊಳೆಯುತ್ತಿರುವ ಗುರುತು, ಮನೆ ಹತ್ತಿರದ ಮರವಾದರೆ ತಕ್ಷಣ ತಿಳಿದವರಿಗೆ ತೋರಿಸಬೇಕು. ನಮ್ಮ ಕಡೆಯವರಿಗೆ ಮೂಡಿಗೆರೆಯಲ್ಲೇ ತೋಟಗಾರಿಕೆ ಕಾಲೇಜು ಇದೆ.

ಅದೇ ಹೊತ್ತಿಗೆ ಮರದಲ್ಲಿ ಹೂ ಬಂದಿತ್ತು. ಕೆಲವು ಎಳೆ ಕಾಯಿಗಳು ಕಪ್ಪು ಬೂಸ್ಟು ಹಿಡಿದು ಉದುರುತ್ತಿದ್ದವು. ಅವು ಬಹುಪಾಲು ಗಂಡು ಹೂಗೊಂಚಲು. ಪರಾಗ ಬಿಟ್ಟ ಮೇಲೆ ಹೇಗೂ ಉದುರಲೇಬೇಕು. ರೈಜೋಪಸ್ ಬೂಸ್ಟು ಬರುವುದು ಅವುಗಳ ಮೇಲೆಯೇ ಜಾಸ್ತಿ. ಹೆಣ್ಣು ಕಾಯಿಯ ತೊಟ್ಟು ದಪ್ಪ, ಬುಡದಲ್ಲಿ ಉಂಗುರ ಎದ್ದು ಕಾಣುತ್ತದೆ. ಅದು ಕೊಳೆತರೆ ಮಾತ್ರ ಚಿಂತೆ. ಉದುರಿದ್ದನ್ನು ಗುಡಿಸಿ ತೆಗೆದೆವು, ಔಷಧಿ ಹೊಡೆಯಲಿಲ್ಲ. ಕೊಂಬೆ ಹೋದದ್ದರಿಂದ ಹಣ್ಣು ಅಷ್ಟೇನೂ ಕಡಿಮೆಯಾಗಲಿಲ್ಲ. ಹಲಸು ಕಾಂಡದ ಮೇಲೂ ದಪ್ಪ ಕೊಂಬೆಯ ಮೇಲೂ ಕಾಯಿ ಬಿಡುವ ಮರ ತಾನೇ.

ಮೇ ಮತ್ತು ಮುಂದಿನ ಮಳೆಗಾಲ

ಮೇ ಕೊನೆಯಲ್ಲಿ ಪಕ್ಕದ ಸಿಲ್ವರ್ ಓಕ್ ಮರಗಳ ಮರಗಸಿ, ಅಂದರೆ ನೆರಳಿನ ಕೊಂಬೆ ಸವರುವ ಕೆಲಸ, ಮಾಡಿಸಿದೆವು. ಹಲಸಿನ ಒಳಗಡೆಯ ಸಣ್ಣ ಚಿಗುರುಗಳನ್ನೂ ತೆಗೆದೆವು. ಗಾಳಿ ಆಡಿದರೆ ಸಂದಿಗಳು ಬೇಗ ಆರುತ್ತವೆ. ಆಮೇಲೆ 1 ಪರ್ಸೆಂಟ್ ಬೋರ್ಡೋ. ಎಲೆಗಲ್ಲ, ಕವಲುಗಳಿಗೆ. ಉದ್ದ ಕೊಳವೆ ಕಟ್ಟಿದ ಪಂಪಿನಲ್ಲಿ ಪ್ರತಿ ಸಂದಿಯ ಕೆಳಮೈಯೂ ತೊಯ್ಯುವ ಹಾಗೆ ಹೊಡೆದೆವು. ಮೆಣಸಿನ ಬಳ್ಳಿಗೂ ಬಿತ್ತು, ಅದಕ್ಕೆ ಒಳ್ಳೆಯದೇ. ಸೊರಗು ರೋಗಕ್ಕೆ ಅದೇ ಔಷಧಿ. ತಾಮ್ರ ಮಣ್ಣಿನಲ್ಲಿ ಉಳಿದುಕೊಳ್ಳುತ್ತದೆ, ಕರಗಿ ಹೋಗುವುದಿಲ್ಲ. ಆದ್ದರಿಂದ ಸುಮ್ನೆ ತೋಟಕ್ಕೆಲ್ಲ ಹೊಡೆಯಬಾರದು, ಬೇಕಾದ ಮರಕ್ಕೆ ಬೇಕಾದಷ್ಟೇ. ಜುಲೈಯಲ್ಲಿ ಹೊಳವು ಸಿಕ್ಕಾಗ ಇನ್ನೊಮ್ಮೆ ಹೊಡೆದೆವು.

ಕಾಂಡದ ಕಲೆಯ ಸುತ್ತ ಈಗ ಹೊಸ ತೊಗಟೆ ದಪ್ಪಗೆ ಸುರುಳಿಯಾಗಿ ಒಳಗೆ ಬರುತ್ತಿದೆ. ಚಾಕು ತಾಗಿಸಿದರೆ ಅಂಚಿನುದ್ದಕ್ಕೂ ಹಾಲು. ಮೋಟು ತೆಗೆದ ಜಾಗದಲ್ಲೂ ಉಂಗುರ ಎದ್ದಿದೆ, ಕೆಳಭಾಗದಲ್ಲಿ ಸ್ವಲ್ಪ ನಿಧಾನ. ಆಗಸ್ಟಿನಲ್ಲಿ ಉತ್ತರದ ಕಡೆಯ ಒಂದು ತೆಳು ಕೊಂಬೆಯ ಕವಲಿನಲ್ಲಿ ಬಿಳಿ ಬಲೆ ಕಂಡಿತು. ಗುಲಾಬಿ ಇನ್ನೂ ಆಗಿರಲಿಲ್ಲ, ಎಲೆ ಹಸಿರಾಗಿಯೇ ಇತ್ತು. ಹಾಲಿನ ಗಡಿ ನೋಡಿ, ಒಂದಡಿ ಒಳಗೆ ಕೊಯ್ದು, ಸುಟ್ಟು, ಮೋಟಿನ ಸುತ್ತ ಮುಲಾಮು ಬಳಿದೆವು.

ಆ ಮೋಟನ್ನು ಬರುವ ಜನವರಿಯಲ್ಲಿ ತೆಗೆಯಬೇಕು. ಮೈಲುತುತ್ತ ಡಬ್ಬಿಯಲ್ಲಿ ಉಳಿದಿದೆ, ಅದು ಕೆಡುವುದಿಲ್ಲ. ಸುಣ್ಣ ಮಾತ್ರ ಗಾಳಿಗೆ ಅರಳಿ ಪುಡಿಯಾಗಿದೆ, ಹೊಸದು ತರಬೇಕು.